ವಿದ್ಯುತ್ತಿನ ಸೋರಿಕೆಯೂ ಅದರ ಕಾವಲೂ



ಶಿವನಸಮುದ್ರದ ಜಲಪಾತದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು 1902ನೆಯ ಇಸವಿಯಲ್ಲಿ ಸುಮಾರು 92 ಮೈಲಿಗಳ ದೂರ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಹೊತ್ತಿದುವು. ಹೊಸದಾಗಿ ದೀಪ ಬಂದ ದಿನಗಳಲ್ಲಿ ಮನೆಯ ಹಿರಿಯರು ಗೋಡೆಯ ಮೇಲಿನ ಗುಂಡಿಯನ್ನು ಒತ್ತುವುದಕ್ಕೂ ಅಂಜುತ್ತಿದ್ದರೆಂದು ನಾವು ಚಿಕ್ಕಂದಿನಲ್ಲಿ ಕೇಳಿದ್ದುಂಟು. ಇಂದು ಆ ಅಂಜಿಕೆಯಿಲ್ಲ. ಬಚ್ಚಲಲ್ಲಿ ನೀರು ಕಾಯಿಸುವುದೂ, ಅಡುಗೆಮನೆಯಲ್ಲಿ ಹಿಟ್ಟು ರುಬ್ಬುವುದೂ, ಬಟ್ಟೆ ಒಗೆಯುವುದೂ, ಬಾವಿಯಿಂದ ನೀರೆತ್ತುವುದೂ ಎಲ್ಲವೂ ವಿದ್ಯುತ್ತಿನಿಂದಲೇ ನಡೆಯುತ್ತಿವೆ. ಈ ಕೆಲಸಗಳನ್ನು ಗಮನಿಸಿದರೆ ಒಂದು ಮಾತು ಹೊಳೆಯದಿರದು. ಇವೆಲ್ಲವೂ ನೀರಿನ ಪಕ್ಕದಲ್ಲಿ ನಡೆಯತಕ್ಕ ಕೆಲಸಗಳು. ನಾವು ಇವನ್ನು ಮಾಡುವುದು ಬರಿಗಾಲಿನಲ್ಲಿ, ಒದ್ದೆಯಾದ ನೆಲದ ಮೇಲೆ ನಿಂತು. ವಿದ್ಯುತ್ತಿನೊಡನೆ ನಮಗೆ ಸಲಿಗೆ ಬೆಳೆದಿದೆ. ತಿಳಿವಳಿಕೆ ಅಷ್ಟೇ ಬೆಳೆದಿದೆಯೆ ಎಂಬುದು ಸಂದೇಹ.

ಇಂದಿನ ಭಾಷಣದಲ್ಲಿ, ಮನೆಯ ವಿದ್ಯುತ್ತು ದಾರಿತಪ್ಪಿ ನೆಲಕ್ಕೆ ಸೋರಿದಾಗ ಅದನ್ನು ಕಂಡುಹಿಡಿದು ಕ್ಷಣಮಾತ್ರದಲ್ಲಿ ತಡೆಯುವ ಒಂದು ಸಣ್ಣ ಯಂತ್ರದ ವಿಚಾರವನ್ನು ಹೇಳಬೇಕೆಂದಿದ್ದೇವೆ. ಇಂಗ್ಲಿಷಿನಲ್ಲಿ ಇದಕ್ಕೆ ರೆಸಿಡ್ಯುಯಲ್ ಕರೆಂಟ್ ಡಿವೈಸ್ ಎಂದು ಹೆಸರು. ವೈರಿಂಗ್ ಕೆಲಸದವರು ಆರ್.ಸಿ.ಸಿ.ಬಿ. ಎಂದೂ, ಹಳೆಯ ರೂಢಿಯಂತೆ ಇ.ಎಲ್.ಸಿ.ಬಿ. ಎಂದೂ ಕರೆಯುವುದುಂಟು. ನಾವು ಈ ಹೊತ್ತಿನ ಮಟ್ಟಿಗೆ ಇದನ್ನು ಸೋರಿಕೆಯ ಕಾವಲು ಎಂದು ಕರೆಯೋಣ. ಇದರ ವಿಚಾರವನ್ನು ಆರಿಸಿಕೊಂಡುದಕ್ಕೆ ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ ಕಾರಣ. ಅದು ನಮಗೆ ಕೀರ್ತಿ ತರುವ ಸಂಗತಿಯಲ್ಲ. ಆದರೂ ಹೇಳುವುದು ಕರ್ತವ್ಯವೆಂದು ತೋರುತ್ತದೆ.

ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಕಾವಲಿನ ಹಿಡಿ ದಿನವೂ ಬೆಳಗ್ಗೆ ತಾನಾಗಿ ಕೆಳಕ್ಕೆ ಬೀಳತೊಡಗಿತು. ಒಡನೆಯೇ ಮನೆಯೆಲ್ಲ ಕತ್ತಲು. ಹಿಡಿಯನ್ನು ಮೇಲಕ್ಕೆತ್ತಿದರೆ ಒಮ್ಮೆ ನಿಲ್ಲುವುದು, ಒಮ್ಮೆ ನಿಲ್ಲದು. ಒಂದು ವಾರ ಸಹಿಸಿದೆವು. ಕಡೆಗೆ ಕರೆಸಿದ ಕೆಲಸಗಾರನು ಪೆಟ್ಟಿಗೆಯನ್ನು ತೆರೆದು ನೋಡಿ, "ಯಂತ್ರ ಹಳೆಯದಾಯಿತು ಸ್ವಾಮಿ, ಸುಮ್ಮಸುಮ್ಮನೆ ಬೀಳುತ್ತಿದೆ. ತೆಗೆದು ನೇರವಾಗಿ ತಂತಿ ಕೂಡಿಸಿಬಿಡುತ್ತೇನೆ, ಏನೂ ತೊಂದರೆಯಿಲ್ಲ" ಎಂದನು. ನಾವು ಒಪ್ಪಿದೆವು. ತೊಂದರೆ ನಿಜವಾಗಿಯೂ ನಿಂತುಹೋಯಿತು. ದೀಪ ಆರಲಿಲ್ಲ, ಬಿಸಿನೀರು ನಿಲ್ಲಲಿಲ್ಲ. ಮೂರನೆಯ ದಿನ ನಮ್ಮ ತಾಯಿಯವರು ಸ್ನಾನ ಮುಗಿಸಿ ಬಂದು, "ಕೊಳಾಯಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದಪ್ಪ" ಎಂದರು. ಅವರಿಗೆ ಎಂಬತ್ತು ದಾಟಿದ್ದಿತು. ವಯಸ್ಸಿನ ಜೋಮು ಇರಬಹುದೆಂದು ಹೇಳಿ ನಾವು ನಮ್ಮ ಕೆಲಸಕ್ಕೆ ಹೊರಟೆವು. ಇದರ ಮುಂದಿನ ಕಥೆಯನ್ನು ಆಮೇಲೆ ಹೇಳುತ್ತೇವೆ. ಅದರ ಅರ್ಥವಾಗಬೇಕಾದರೆ ಮೊದಲು ವಿದ್ಯುತ್ತಿನ ಹೋಗುಬರವನ್ನು ಕೊಂಚ ತಿಳಿಯಬೇಕು.

ನಮ್ಮ ಮನೆಗೆ ಬೀದಿಯ ಕಂಬದಿಂದ ಮುಖ್ಯವಾಗಿ ಎರಡು ತಂತಿಗಳು ಬರುತ್ತವೆ. ಒಂದಕ್ಕೆ ಫೇಸ್ ಎಂದೂ ಇನ್ನೊಂದಕ್ಕೆ ನ್ಯೂಟ್ರಲ್ ಎಂದೂ ಹೆಸರು. ಸುಲಭವಾಗಿ ತಿಳಿಯುವುದಕ್ಕಾಗಿ, ಪ್ರವಾಹವು ಒಂದು ತಂತಿಯಲ್ಲಿ ಬಂದು ದೀಪದಲ್ಲಿಯೋ ಗೀಸರಿನಲ್ಲಿಯೋ ಕೆಲಸ ಮಾಡಿ ಇನ್ನೊಂದರಲ್ಲಿ ಹಿಂದಿರುಗುವುದೆಂದು ಭಾವಿಸೋಣ. ಪ್ರವಾಹವು ಖರ್ಚಾಗಿ ಹೋಗತಕ್ಕ ವಸ್ತುವಲ್ಲ. ಹೋದಷ್ಟೂ ಬರಲೇಬೇಕು, ಎಳ್ಳಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. 2,000 ವ್ಯಾಟಿನ ಗೀಸರಿಗೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಪ್ರವಾಹ ಹೋದರೆ ಅದೇ 8.7 ಆಂಪಿಯರ್ ಮರಳಿ ಬರುತ್ತದೆ. ಇದೇ ಇಂದಿನ ಭಾಷಣದ ಮೂಲಸೂತ್ರ.

ಇನ್ನೊಂದು ಸಂಗತಿಯನ್ನು ಇದರೊಡನೆ ಸೇರಿಸಿಕೊಳ್ಳಬೇಕು. ಬಡಾವಣೆಯ ಟ್ರಾನ್ಸ್‌ಫಾರ್ಮರಿನ ಬಳಿ ಈ ನ್ಯೂಟ್ರಲ್ ತಂತಿಯನ್ನು ಬುದ್ಧಿಪೂರ್ವಕವಾಗಿಯೇ ಭೂಮಿಗೆ ಜೋಡಿಸಿರುತ್ತಾರೆ. ಇದಕ್ಕೆ ಸುರಕ್ಷತೆಯ ಕಾರಣಗಳುಂಟು. ಆದರೆ ಇದರಿಂದ ನೆಲವೇ ಪ್ರವಾಹಕ್ಕೆ ಹಿಂದಿರುಗುವ ಮೂರನೆಯ ದಾರಿಯಾಗುತ್ತದೆ. ಫೇಸ್ ತಂತಿಯನ್ನಾಗಲಿ ಅದು ತಗುಲಿದ ಲೋಹವನ್ನಾಗಲಿ ಮುಟ್ಟಿದ ಮನುಷ್ಯನು ನೆಲದ ಮೇಲೆ ನಿಂತಿದ್ದರೆ, ಪ್ರವಾಹವು ಅವನ ಕೈಯಿಂದ ಒಳಹೊಕ್ಕು, ಎದೆಯನ್ನು ಹಾಯ್ದು, ಕಾಲಿನಿಂದ ಇಳಿದು ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರನ್ನು ಸೇರುತ್ತದೆ. ಒಂದು ತಂತಿಯನ್ನು ಮಾತ್ರ ಮುಟ್ಟಿದರೂ ಧಕ್ಕೆ ತಗಲುವುದೇಕೆ ಎಂದು ಅನೇಕರು ಕೇಳುತ್ತಾರೆ. ಎರಡನೆಯ ತಂತಿಯ ಮೇಲೆ ನಾವು ಹುಟ್ಟಿದಂದಿನಿಂದ ನಿಂತೇ ಇದ್ದೇವೆ. ಆ ತಂತಿಯೇ ಭೂಮಿ.

ಎಷ್ಟು ಪ್ರವಾಹ ಮೈಯಲ್ಲಿ ಹರಿದರೆ ಅಪಾಯ? ಇಲ್ಲಿ ಆಂಪಿಯರ್ ಎಂಬ ಅಳತೆ ಬಹಳ ದೊಡ್ಡದಾಯಿತು. ಅದರ ಸಾವಿರದಲ್ಲೊಂದು ಪಾಲಾದ ಮಿಲಿ ಆಂಪಿಯರಿನಲ್ಲಿ ಲೆಕ್ಕ ಹಿಡಿಯಬೇಕು. ಸುಮಾರು 1 ಮಿಲಿ ಆಂಪಿಯರ್ ಹರಿದರೆ ಬೆರಳು ಜುಮ್ಮೆನ್ನುತ್ತದೆ. ಪ್ರವಾಹ ಹೆಚ್ಚಾದಂತೆ ಕೈಯ ಸ್ನಾಯುಗಳು ಬಿಗಿದು, ಹಿಡಿದ ವಸ್ತುವನ್ನು ಬಿಡಬೇಕೆಂದರೂ ಬಿಡಲಾಗದು. "ಕರೆಂಟು ಹಿಡಿದುಕೊಂಡಿತು" ಎಂದು ಜನರು ಹೇಳುವುದು ಇದನ್ನೇ. ನಿಜವಾಗಿ ಹಿಡಿದುಕೊಂಡಿರುವುದು ಅವರ ಕೈಯೇ. ಅಮೆರಿಕದ ಬರ್ಕ್ಲಿಯಲ್ಲಿ ಪ್ರೊಫೆಸರರಾಗಿದ್ದ ಚಾರ್ಲ್ಸ್ ಡಾಲ್‌ಜಿಯಲ್ ಎಂಬವರು ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ, ಕೈಬಿಡಲು ಸಾಧ್ಯವಾಗುವ ಪ್ರವಾಹದ ಮೇರೆಯು ಗಂಡಸರಲ್ಲಿ ಸರಾಸರಿ 16, ಹೆಂಗಸರಲ್ಲಿ ಸರಾಸರಿ 10.5 ಮಿಲಿ ಆಂಪಿಯರ್ ಎಂದು ಗೊತ್ತುಮಾಡಿದರು. ಇದಕ್ಕೂ ಮೇಲೆ ಹೋದರೆ ಎದೆಯ ಸ್ನಾಯುಗಳು ಬಿಗಿದು ಉಸಿರಾಟ ಕಷ್ಟವಾಗುತ್ತದೆ. ಇನ್ನೂ ಹೆಚ್ಚಾಗಿ, ಅದು ಹೃದಯದ ಒಂದು ಬಡಿತಕ್ಕಿಂತ ಹೆಚ್ಚು ಕಾಲ ಹರಿದರೆ, ಹೃದಯವು ತನ್ನ ತಾಳವನ್ನು ಕಳೆದುಕೊಂಡು ಬರಿದೆ ಅದುರತೊಡಗುತ್ತದೆ. ಅದುರುವ ಹೃದಯವು ರಕ್ತವನ್ನು ನೂಕಲಾರದು. ವಿದ್ಯುತ್ತಿನಿಂದ ಸಂಭವಿಸುವ ಮರಣಗಳಲ್ಲಿ ಬಹುಪಾಲು ಹೀಗೆಯೇ ಆಗತಕ್ಕವು.

ಈಗ ನಮ್ಮ ಮೈಯ ಲೆಕ್ಕ. ಚರ್ಮ ಒದ್ದೆಯಾಗಿರುವಾಗ ಕೈಯಿಂದ ಕಾಲಿನವರೆಗಿನ ತಡೆಯನ್ನು ಸುಮಾರು 1,000 ಓಮ್ ಎಂದು ಹಿಡಿಯಬಹುದು. 230 ವೋಲ್ಟನ್ನು ಇದರಿಂದ ಭಾಗಿಸಿದರೆ 230 ಮಿಲಿ ಆಂಪಿಯರ್ ಬರುತ್ತದೆ. ಇದು 60 ವ್ಯಾಟಿನ ಹಳೆಯ ದೀಪವೊಂದು ಸೆಳೆಯುವ ಪ್ರವಾಹಕ್ಕಿಂತಲೂ ಕಡಿಮೆ. ಓದುವ ಕೋಣೆಯ ದೀಪಕ್ಕೆ ಸಾಲದ ಪ್ರವಾಹವು ಮನುಷ್ಯನ ಪ್ರಾಣಕ್ಕೆ ಧಾರಾಳವಾಗಿ ಸಾಕು.

ಹೀಗಿರುವಲ್ಲಿ, ಮನೆಯಲ್ಲಿ ಫ್ಯೂಸ್ ಇದೆಯಲ್ಲ, ಅದು ಕಾಪಾಡುವುದಿಲ್ಲವೆ ಎಂದು ತಾವು ಕೇಳಬಹುದು. ಕಾಪಾಡುವುದಿಲ್ಲ. ಫ್ಯೂಸಾಗಲಿ, ಈಗ ಅದರ ಜಾಗಕ್ಕೆ ಬಂದಿರುವ ಎಂ.ಸಿ.ಬಿ. ಎಂಬ ಸಾಧನವಾಗಲಿ ಇರುವುದು ತಂತಿಯ ರಕ್ಷಣೆಗಾಗಿ. ತಂತಿಯು ತಾಳಲಾರದಷ್ಟು ಪ್ರವಾಹ ಹರಿದರೆ ಅದು ಕಾದು, ಹೊದಿಕೆ ಕರಗಿ, ಮನೆಗೆ ಬೆಂಕಿ ಹತ್ತೀತು. ಅದಕ್ಕೆ ಮುಂಚೆ ಫ್ಯೂಸು ಕರಗಿ ಸಂಬಂಧವನ್ನು ಕಡಿಯುತ್ತದೆ. 15 ಆಂಪಿಯರಿನ ಫ್ಯೂಸಿಗೆ ಮನುಷ್ಯನ ಮೈಯಲ್ಲಿ ಹರಿಯುವ ಕಾಲು ಆಂಪಿಯರು ಒಂದು ಲೆಕ್ಕವೇ ಅಲ್ಲ. ಅದರ ಪಾಲಿಗೆ ಅದು ಮನೆಯಲ್ಲಿ ಹೊತ್ತಿಸಿದ ಇನ್ನೊಂದು ದೀಪ. ಮನುಷ್ಯನು ನೆಲಕ್ಕೆ ಬಿದ್ದಿರುವಾಗಲೂ ಫ್ಯೂಸು ತನ್ನ ಸ್ಥಾನದಲ್ಲಿ ನೆಮ್ಮದಿಯಾಗಿ ಕುಳಿತಿರುತ್ತದೆ.

ಹಾಗಾದರೆ ಅರ್ತ್ ಎನ್ನುವ ಮೂರನೆಯ ತಂತಿ? ಗೀಸರಿನ ಲೋಹದ ಮೈಯಿಂದ ಹೊರಟು ಅಂಗಳದ ಗುಂಡಿಯಲ್ಲಿ ಇಳಿಯುವ ಈ ಭೂತಂತಿಯು ಬಹು ದೊಡ್ಡ ಉಪಕಾರಿ. ಒಳಗಿನ ಫೇಸ್ ತಂತಿ ಮೈಗೆ ತಗುಲಿದರೆ ಪ್ರವಾಹವನ್ನು ತನ್ನ ಕಡೆಗೆ ಎಳೆದುಕೊಳ್ಳುವುದು ಅದರ ಧರ್ಮ. ಆದರೆ ಭೂಮಿಯ ತಡೆ ಎಲ್ಲೆಡೆಯೂ ಕಡಿಮೆಯಾಗಿರುವುದಿಲ್ಲ. ಉದಾಹರಣೆಗೆ, ಬೇಸಗೆಯಲ್ಲಿ ಒಣಗಿದ ನಮ್ಮ ಗುಂಡಿಯ ತಡೆ 20 ಓಮ್ ಎಂದೂ, ಟ್ರಾನ್ಸ್‌ಫಾರ್ಮರಿನ ಗುಂಡಿಯದು 3 ಓಮ್ ಎಂದೂ ಇಟ್ಟುಕೊಳ್ಳೋಣ. ಒಟ್ಟು 23 ಓಮ್. 230 ವೋಲ್ಟಿಗೆ ಇದರಲ್ಲಿ ಹರಿಯುವ ಪ್ರವಾಹ 10 ಆಂಪಿಯರ್. 15 ಆಂಪಿಯರಿನ ಫ್ಯೂಸು ಇದಕ್ಕೂ ಕರಗದು. ಅಷ್ಟು ಹೊತ್ತೂ ಗೀಸರಿನ ಮೈ ಮೇಲೆ 20 ಓಮಿಗೆ 10 ಆಂಪಿಯರಿನಂತೆ 200 ವೋಲ್ಟು ನಿಂತೇ ಇರುತ್ತದೆ. ಭೂತಂತಿ ಸರಿಯಾಗಿದ್ದೂ ಈ ಗತಿ. ಅದು ತುಂಡಾಗಿದ್ದರೆ, ಗುಂಡಿಗೆ ನೀರು ಕಾಣದೆ ವರ್ಷಗಳಾಗಿದ್ದರೆ, ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯನ್ನು ಕಿತ್ತು ಎರಡು ತೂತಿನ ಸಾಕೆಟ್ಟಿಗೆ ಸಿಕ್ಕಿಸಿದ್ದರೆ, ಹೇಳತಕ್ಕುದೇನು!

ತಂತಿಯನ್ನು ಕಾಯುವುದಕ್ಕೆ ಫ್ಯೂಸು ಇದ್ದಿತು. ಮನುಷ್ಯನನ್ನು ಕಾಯುವುದಕ್ಕೆ ಬೇರೊಂದು ಉಪಾಯ ಬೇಕಾಯಿತು. ಆ ಉಪಾಯದ ಸರಳತೆಯೇ ಆಶ್ಚರ್ಯಕರವಾದುದು. ಹಿಂದಿನ ಕಾಲದ ಕೋಟೆಬಾಗಿಲನ್ನು ನೆನೆಯಿರಿ. ಬೆಳಗ್ಗೆ ಹೊರಕ್ಕೆ ಹೋದವರನ್ನೂ ಸಂಜೆ ಒಳಕ್ಕೆ ಬಂದವರನ್ನೂ ಎಣಿಸುವ ಒಬ್ಬ ಕಾವಲುಗಾರನಿದ್ದಾನೆ ಎನ್ನೋಣ. ನೂರು ಮಂದಿ ಹೋಗಿ ನೂರು ಮಂದಿ ಬಂದರೆ ಅವನಿಗೆ ಚಿಂತೆಯಿಲ್ಲ. ಸಾವಿರ ಮಂದಿ ಹೋಗಿ ಸಾವಿರ ಬಂದರೂ ಚಿಂತೆಯಿಲ್ಲ. ಆದರೆ ಸಾವಿರ ಮಂದಿ ಹೋಗಿ ಒಂಬೈನೂರ ತೊಂಬತ್ತೇಳು ಮಂದಿ ಬಂದರೆ, ಉಳಿದ ಮೂವರು ಬೇರೆ ಎಲ್ಲಿಂದಲೋ ನುಸುಳಿದ್ದಾರೆಂದು ತಿಳಿದು ಬಾಗಿಲನ್ನು ಮುಚ್ಚಿಬಿಡುತ್ತಾನೆ. ಅವರು ಯಾರು, ಎಲ್ಲಿ ನುಸುಳಿದರು ಎಂಬುದು ಅವನಿಗೆ ತಿಳಿಯಬೇಕಾಗಿಲ್ಲ. ಎಣಿಕೆ ಕೂಡಲಿಲ್ಲ, ಅಷ್ಟೇ ಸಾಕು.

ಯಂತ್ರವು ಎಣಿಸುವ ಬಗೆ ಹೀಗೆ. ಅದರ ಒಳಗೆ ಕಾಂತಗುಣವುಳ್ಳ ಲೋಹದ ಒಂದು ಬಳೆಯಿದೆ. ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡೂ ಈ ಬಳೆಯೊಳಗಿಂದಲೇ ಹಾಯುತ್ತವೆ. ಪ್ರವಾಹ ಹರಿಯುವ ತಂತಿಯ ಸುತ್ತಲೂ ಕಾಂತಶಕ್ತಿ ಹುಟ್ಟುವುದೆಂಬುದು ತಮಗೆ ತಿಳಿದುದೇ. ಹೋಗುವ ಪ್ರವಾಹವು ಬಳೆಯನ್ನು ಒಂದು ದಿಕ್ಕಿಗೆ ಕಾಂತವಾಗಿಸಲು ಯತ್ನಿಸಿದರೆ, ಬರುವ ಪ್ರವಾಹವು ಅದರ ವಿರುದ್ಧ ದಿಕ್ಕಿಗೆ ಯತ್ನಿಸುತ್ತದೆ. ಎರಡೂ ಸಮವಾಗಿರುವ ತನಕ ತಕ್ಕಡಿಯ ಎರಡು ತಟ್ಟೆಗಳಂತೆ ಒಂದನ್ನೊಂದು ಹೊಂದಿ, ಬಳೆಯಲ್ಲಿ ಏನೂ ಉಳಿಯುವುದಿಲ್ಲ. ಮನೆಯಲ್ಲಿ ಒಂದು ದೀಪವಿರಲಿ, ಹತ್ತು ಯಂತ್ರಗಳಿರಲಿ, ಶೇಷ ಸೊನ್ನೆಯೇ. ಪ್ರವಾಹದ ಒಂದು ಅಂಶವು ಯಾರ ಮೈಯಿಂದಲೋ ಒದ್ದೆಗೋಡೆಯಿಂದಲೋ ನೆಲಕ್ಕಿಳಿದರೆ, ಅಷ್ಟು ಅಂಶವು ಬಳೆಯೊಳಗಿಂದ ಮರಳಲಿಲ್ಲ. ಆ ಶೇಷದಿಂದ ಬಳೆ ಕಾಂತವಾಗುತ್ತದೆ. ಬಳೆಗೆ ಸುತ್ತಿರುವ ಸಣ್ಣ ತಂತಿಯ ಸುರುಳಿಯಲ್ಲಿ ಇದರಿಂದ ಕಿರಿದೊಂದು ಪ್ರವಾಹ ಹುಟ್ಟುತ್ತದೆ. ಆ ಪ್ರವಾಹವು, ಸ್ಥಿರಕಾಂತವು ಹಿಡಿದಿಟ್ಟ ಒಂದು ಕೊಂಡಿಯ ಹಿಡಿತವನ್ನು ಸಡಲಿಸುತ್ತದೆ. ಬಿಗಿದಿಟ್ಟ ಸ್ಪ್ರಿಂಗು ಸಿಡಿದು ಎರಡು ತಂತಿಗಳ ಸಂಬಂಧವನ್ನೂ ಒಟ್ಟಿಗೇ ಕಡಿಯುತ್ತದೆ. ಹೀಗೆ ರಚಿಸಿದ ಯಂತ್ರಕ್ಕೆ ಬೇರೆ ಶಕ್ತಿಯ ಸಹಾಯವೂ ಬೇಕಿಲ್ಲ. ಸೋರಿದ ವಿದ್ಯುತ್ತೇ ತನ್ನನ್ನು ತಾನು ಹಿಡಿದುಕೊಡುತ್ತದೆ.

ಮನುಷ್ಯರ ರಕ್ಷಣೆಗೆಂದು ಮನೆಗಳಲ್ಲಿ ಹಾಕುವ ಕಾವಲಿನ ಮೇಲೆ 30 ಮಿಲಿ ಆಂಪಿಯರ್ ಎಂದು ಬರೆದಿರುತ್ತದೆ. ಇದು 7 ವ್ಯಾಟಿನ ಪುಟ್ಟ ದೀಪದಷ್ಟು ಪ್ರವಾಹ. ಅಂತರರಾಷ್ಟ್ರೀಯ ಪ್ರಮಾಣದಂತೆ ಅದು 15ರವರೆಗೆ ಬೀಳಕೂಡದು, 30ಕ್ಕೆ ಬೀಳಲೇಬೇಕು. 30 ಮಿಲಿ ಆಂಪಿಯರ್ ಸೋರಿದರೆ ಸೆಕೆಂಡಿನ ಹತ್ತು ಪಾಲುಗಳಲ್ಲಿ ಮೂರು ಪಾಲಿನೊಳಗೆ, 150 ಸೋರಿದರೆ ನೂರು ಪಾಲುಗಳಲ್ಲಿ ನಾಲ್ಕು ಪಾಲಿನೊಳಗೆ ಸಂಬಂಧ ಕಡಿಯಬೇಕು. ಶಾಂತವಾಗಿರುವ ಮನುಷ್ಯನ ಹೃದಯ ಒಂದು ಬಾರಿ ಬಡಿಯುವುದಕ್ಕೆ ಹತ್ತರಲ್ಲಿ ಎಂಟು ಪಾಲಿನಷ್ಟು ಕಾಲ ಬೇಕು. ಒಂದು ಬಡಿತ ಪೂರೈಸುವುದಕ್ಕೆ ಮೊದಲೇ ಕಾವಲು ತನ್ನ ಕೆಲಸವನ್ನು ಮುಗಿಸಿರುತ್ತದೆ. ಹಿಂದೆ ಹೇಳಿದ ಒಣಗಿದ ಗುಂಡಿಯೂ ಈಗ ನಿರುಪಯುಕ್ತವಲ್ಲ. ಹತ್ತು ಆಂಪಿಯರಿಗೆ ಫ್ಯೂಸು ಕದಲದಿದ್ದ ಕಡೆಯಲ್ಲಿ, ಅದರ ಮುನ್ನೂರರಲ್ಲೊಂದು ಪಾಲಿಗೂ ಕಡಮೆಯಾದ ಪ್ರವಾಹಕ್ಕೆ ಈ ಕಾವಲು ಎಚ್ಚೆತ್ತುಕೊಳ್ಳುತ್ತದೆ. ಭೂತಂತಿಯೂ ಕಾವಲೂ ಸೇರಿದ್ದಲ್ಲಿ, ಗೀಸರಿನ ಮೈಗೆ ವಿದ್ಯುತ್ತು ತಗುಲಿದ ಕ್ಷಣದಲ್ಲಿಯೇ, ಯಾರೂ ಮುಟ್ಟುವುದಕ್ಕೆ ಮೊದಲೇ, ಸಂಬಂಧ ಕಡಿದಿರುತ್ತದೆ. ಆದುದರಿಂದ ಒಂದಿದ್ದರೆ ಇನ್ನೊಂದು ಬೇಡವೆಂದು ಎಣಿಸಬಾರದು.

ಇದರ ಹುಟ್ಟಿನ ಕಥೆಯೂ ಚಿನ್ನದ ಗಣಿಗಳಿಗೆ ಸೇರಿದುದು. ನಮ್ಮ ನಾಡಿನಲ್ಲಿ ವಿದ್ಯುತ್ತು ಮೊದಲು ಹೋದುದು ಕೋಲಾರದ ಗಣಿಗೆ. ವಿದ್ಯುತ್ತಿನ ಸೂಕ್ಷ್ಮವಾದ ಕಾವಲು ಹೊರಬಂದುದು ದಕ್ಷಿಣ ಆಫ್ರಿಕದ ಗಣಿಗಳಿಂದ. ಅಲ್ಲಿ ಮುಂಚೆ ಇದ್ದ ಸಾಧನಗಳು ಸುಮಾರು 10 ಆಂಪಿಯರ್ ಸೋರಿದರೆ ಮಾತ್ರ ಎಚ್ಚರಗೊಳ್ಳುತ್ತಿದ್ದುವು. ಹೆನ್ರಿ ರೂಬಿನ್ ಎಂಬ ಎಂಜಿನಿಯರು 1955ರಲ್ಲಿ ಇದನ್ನು 250 ಮಿಲಿ ಆಂಪಿಯರಿಗೆ ಇಳಿಸಿದರು. ಅದೂ ಪ್ರಾಣರಕ್ಷಣೆಗೆ ಸಾಲದೆಂದು ಬಗೆದು, 1956ರ ಹೊತ್ತಿಗೆ 20 ಮಿಲಿ ಆಂಪಿಯರಿಗಿಂತಲೂ ಕಡಮೆಗೆ ಬೀಳುವ ಮಾದರಿಯನ್ನು ಸಿದ್ಧಪಡಿಸಿದರು. ಅಂಥವು ಕೆಲವನ್ನು 1957-58ರಲ್ಲಿ ಸ್ಟಿಲ್‌ಫಾಂಟೀನ್ ಎಂಬ ಗಣಿಯೂರಿನ ಮನೆಗಳಲ್ಲಿ ಹಾಕಲಾಯಿತು. ಅದೇ ದಶಕದಲ್ಲಿ ಆಸ್ಟ್ರಿಯ ದೇಶದ ಗಾಟ್‌ಫ್ರೀಟ್ ಬೀಗಲ್‌ಮೈಯರ್ ಎಂಬವರೂ ಇದೇ ಕಾರ್ಯದಲ್ಲಿ ತೊಡಗಿದ್ದರು. ಧಕ್ಕೆಯ ಪರಿಣಾಮಗಳನ್ನು ಅರಿಯುವುದಕ್ಕಾಗಿ ತಮ್ಮ ದೇಹದ ಮೇಲೆಯೇ ಪ್ರಯೋಗ ಮಾಡಿಕೊಂಡವರು ಅವರು. 1961ರಲ್ಲಿ, ಮೇಲೆ ಹೆಸರಿಸಿದ ಡಾಲ್‌ಜಿಯಲ್ ಅಮೆರಿಕದಲ್ಲಿ ಟ್ರಾನ್ಸಿಸ್ಟರನ್ನು ಉಪಯೋಗಿಸಿ ಇನ್ನೂ ಸೂಕ್ಷ್ಮವಾದುದನ್ನು ರಚಿಸಿದರು. ಆ ದೇಶದಲ್ಲಿ ಸುಮಾರು 5 ಮಿಲಿ ಆಂಪಿಯರಿಗೇ ಸಂಬಂಧ ಕಡಿಯುವ ಪದ್ಧತಿ ನೆಲೆಗೊಂಡಿತು.

ಇಷ್ಟು ಸ್ತುತಿಯ ಮೇಲೆ, ಈ ಕಾವಲಿಗೆ ಶಕ್ಯವಲ್ಲದುದನ್ನೂ ಹೇಳದಿದ್ದರೆ ಶ್ರೋತೃಗಳಿಗೆ ಅನ್ಯಾಯವಾದೀತು. ಮೊದಲನೆಯದಾಗಿ, ಇದ್ದರೆ ಧಕ್ಕೆಯೇ ತಗಲದೆಂದು ತಿಳಿಯಬಾರದು. ಮೈಯಲ್ಲಿ 30 ಮಿಲಿ ಆಂಪಿಯರಿಗಿಂತ ಹೆಚ್ಚು ಹರಿಯದಂತೆ ಅದು ತಡೆಯುವುದಿಲ್ಲ. 200 ಹರಿಯಬೇಕಾದಲ್ಲಿ 200 ಹರಿದೇ ಹರಿಯುತ್ತದೆ. ಅದು ಮೊಟಕುಗೊಳಿಸುವುದು ಹರಿಯುವ ಕಾಲವನ್ನು. ಧಕ್ಕೆಯನ್ನು ಮರಣದವರೆಗೆ ಬೆಳೆಯಗೊಡದಿರುವುದೇ ಅದರ ಕೆಲಸ. ಎರಡನೆಯದಾಗಿ, ನೆಲಕ್ಕೆ ತಗಲದಂತೆ ಒಣಮರದ ಮೇಲೆ ನಿಂತು ಒಂದು ಕೈಯಲ್ಲಿ ಫೇಸನ್ನೂ ಇನ್ನೊಂದರಲ್ಲಿ ನ್ಯೂಟ್ರಲನ್ನೂ ಹಿಡಿದವನನ್ನು ಇದು ಕಾಪಾಡಲಾರದು. ಅವನೊಳಗೆ ಹೋದುದೆಲ್ಲ ತಂತಿಯಲ್ಲಿಯೇ ಮರಳುವುದರಿಂದ ಲೆಕ್ಕ ಸರಿಯಾಗಿಯೇ ಕೂಡುತ್ತದೆ. ಅವನು ಮನುಷ್ಯನೋ ದೀಪವೋ ಎಂದು ಬಳೆ ಅರಿಯದು. ಮೂರನೆಯದಾಗಿ, ಮನೆಯಲ್ಲಿ ಮಿತಿಮೀರಿ ಯಂತ್ರಗಳನ್ನು ಓಡಿಸಿದರೆ ಬರಿಯ ಆರ್.ಸಿ.ಸಿ.ಬಿ. ಬೀಳದು, ಅದಕ್ಕೆ ಫ್ಯೂಸೋ ಎಂ.ಸಿ.ಬಿ.ಯೋ ಜೊತೆಗೆ ಬೇಕು. ಎರಡು ಕೆಲಸವನ್ನೂ ಒಂದೇ ಮೈಯಲ್ಲಿ ಮಾಡುವ ಸಾಧನಗಳೂ ದೊರೆಯುತ್ತವೆ. ಕಡೆಯದಾಗಿ, ಕಾವಲಿನ ದೃಷ್ಟಿ ತನ್ನಿಂದ ಮುಂದಕ್ಕೆ ಮಾತ್ರ. ಬೀದಿಯಲ್ಲಿ ಕಡಿದುಬಿದ್ದ ತಂತಿಗೂ ಮನೆಯ ಕಾವಲಿಗೂ ಸಂಬಂಧವಿಲ್ಲ. ಬ್ಯಾಟರಿಯಿಂದ ದೀಪ ಉರಿಸುವ ಇನ್ವರ್ಟರು ಅನೇಕರ ಮನೆಗಳಲ್ಲಿದೆ. ಬೀದಿಯ ವಿದ್ಯುತ್ತು ಹೋಗಿ ಇನ್ವರ್ಟರು ನಡೆಯುತ್ತಿರುವಾಗ, ಅದರ ಹಿಂದಿರುವ ಕಾವಲು ಆ ತಂತಿಗಳ ಸೋರಿಕೆಯನ್ನು ಕಾಣಲಾರದು. ಅದಕ್ಕೆ ಪ್ರತ್ಯೇಕವಾದ ಏರ್ಪಾಡು ಬೇಕು.

ಈಗ ನಮ್ಮ ಮನೆಯ ಕಥೆಗೆ ಹಿಂದಿರುಗೋಣ. ತಾಯಿಯವರು ಕೈ ಜುಮ್ಮೆಂದಿತೆಂದು ಹೇಳಿದ ಸಂಜೆ, ವಿದ್ಯುತ್ ಎಂಜಿನಿಯರಾಗಿ ನಿವೃತ್ತರಾದ ನಮ್ಮ ಸ್ನೇಹಿತರೊಬ್ಬರು ಅಕಸ್ಮಾತ್ತಾಗಿ ಬಂದರು. ಕಾಫಿ ಕುಡಿಯುತ್ತ, ತೊಂದರೆ ಕೊಡುತ್ತಿದ್ದ ಯಂತ್ರವನ್ನು ತೆಗೆಸಿದ ಸಂಗತಿಯನ್ನು ನಾವು ಒಂದು ಜಾಣತನದಂತೆ ಹೇಳಿದೆವು. ಮಾತಿನ ನಡುವೆ ತಾಯಿಯವರ ಜೋಮಿನ ಪ್ರಸ್ತಾಪವೂ ಬಂದಿತು. ಅವರು ಲೋಟವನ್ನು ಕೆಳಗಿಟ್ಟು, ಒಂದು ಮಾತೂ ಆಡದೆ ಎದ್ದುಹೋಗಿ ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿದರು. ಆಮೇಲೆ ಪರೀಕ್ಷಿಸಿ ನೋಡಿದರೆ, ಗೀಸರಿನೊಳಗೆ ನೀರು ಕಾಯಿಸುವ ಸರಳಿನ ಹೊದಿಕೆ ಬಿರುಕುಬಿಟ್ಟಿದ್ದಿತು. ಸಾಕೆಟ್ಟಿನ ಹಿಂದೆ ಭೂತಂತಿ ತುಕ್ಕುಹಿಡಿದು ಕಳಚಿದ್ದಿತು. ವಿದ್ಯುತ್ತು ನೀರಿನ ಮೂಲಕ ಕಬ್ಬಿಣದ ಕೊಳವೆಗೂ, ಕೊಳವೆಯಿಂದ ಒದ್ದೆಗೋಡೆಗೂ ಸೋರುತ್ತಿದ್ದಿತು. ಗೀಸರು ಕಾದ ಹೊತ್ತಿನಲ್ಲಿ ಸೋರಿಕೆ ಹೆಚ್ಚುತ್ತಿದ್ದುದರಿಂದ ಕಾವಲು ಬೆಳಗ್ಗೆಯೇ ಬೀಳುತ್ತಿದ್ದಿತು. ಅದು ಒಂದು ದಿನವೂ ಸುಮ್ಮನೆ ಬಿದ್ದಿರಲಿಲ್ಲ. ಒಂದು ವಾರದ ತನಕ ದಿನವೂ ನಮಗೆ ಎಚ್ಚರಿಕೆ ಹೇಳಿದ ಕಾವಲುಗಾರನನ್ನು ನಾವು ಗದ್ದಲ ಮಾಡುತ್ತಾನೆಂದು ಕೆಲಸದಿಂದ ತೆಗೆದುಹಾಕಿದ್ದೆವು.

ತಾಯಿಯವರು ಉಳಿದುದಕ್ಕೆ ನಮ್ಮ ವಿವೇಕ ಕಾರಣವಲ್ಲ. ಅವರು ಹಳೆಯ ಕಾಲದ ಅಭ್ಯಾಸದಂತೆ ಮರದ ಮಣೆಯ ಮೇಲೆ ಕುಳಿತು, ಕಾಲನ್ನೂ ಮಣೆಯ ಮೇಲೆಯೇ ಇಟ್ಟುಕೊಂಡು ಸ್ನಾನ ಮಾಡುತ್ತಿದ್ದರು. ಆ ಮಣೆಯು ನಡುವೆ ಇದ್ದುದರಿಂದ ಪ್ರವಾಹವು ಜುಮ್ಮೆನ್ನುವಷ್ಟಕ್ಕೆ ನಿಂತಿತು. ಒದ್ದೆಮರವನ್ನು ನಂಬುವಂತಿಲ್ಲ, ಇನ್ನೊಂದು ದಿನ ಕಾಲನ್ನು ನೆಲಕ್ಕೆ ಊರಿದ್ದರೆ ಏನಾಗುತ್ತಿತ್ತೆಂದು ಎಣಿಸುವುದಕ್ಕೂ ನಮಗೆ ಧೈರ್ಯವಿಲ್ಲ. ಅವರ ಮಾತನ್ನು ನಾವು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆವು ಎಂಬುದು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಈ ಅನುಭವದಿಂದ ನಾವು ಕಲಿತ ಕೆಲವು ಮಾತುಗಳನ್ನು ಶ್ರೋತೃಗಳ ಮುಂದಿಡುತ್ತೇವೆ. ಕಾವಲು ಬಿದ್ದರೆ ಅದನ್ನು ಬಯ್ಯಬೇಡಿರಿ, ಕಾರಣವನ್ನು ಹುಡುಕಿರಿ. ಮನೆಯ ಯಂತ್ರಗಳ ಪ್ಲಗ್ಗುಗಳನ್ನೆಲ್ಲ ಕಳಚಿ ಹಿಡಿಯನ್ನು ಮೇಲಕ್ಕೆತ್ತಿ, ಒಂದೊಂದಾಗಿ ಮರಳಿ ಹಾಕುತ್ತ ಬಂದರೆ, ಯಾವುದು ಸೋರುತ್ತಿದೆ ಎಂಬುದು ಬಹುಮಟ್ಟಿಗೆ ತಾನೇ ಹೊರಬೀಳುತ್ತದೆ. ಎಲ್ಲವನ್ನೂ ಕಳಚಿದರೂ ನಿಲ್ಲದಿದ್ದರೆ ದೋಷವು ಗೋಡೆಯೊಳಗಿನ ತಂತಿಯಲ್ಲಿದೆ. ಅದು ಬಲ್ಲವರ ಕೆಲಸ. ಕೆಲವೊಮ್ಮೆ ಸೋರಿಕೆಯಿಲ್ಲದೆಯೂ ಬೀಳುವುದುಂಟು. ಒಂದು ಕೋಣೆಯ ದೀಪಕ್ಕೆ ಫೇಸನ್ನು ಒಂದು ಕಾವಲಿನಿಂದಲೂ ನ್ಯೂಟ್ರಲನ್ನು ಇನ್ನೊಂದರಿಂದಲೂ ಎಳೆದಿದ್ದರೆ ಲೆಕ್ಕ ಎಂದಿಗೂ ಕೂಡದು. ಅದು ತಂತಿ ಎಳೆದವರ ತಪ್ಪು, ಕಾವಲಿನದಲ್ಲ. ಆಗಲೂ ತಿದ್ದಬೇಕಾದುದು ತಂತಿಯನ್ನೇ.

ಪ್ರತಿಯೊಂದು ಕಾವಲಿನ ಮೇಲೂ ಪರೀಕ್ಷೆಗೆಂದು ಒಂದು ಸಣ್ಣ ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಸ್ವಲ್ಪ ಪ್ರವಾಹವು ಬಳೆಯನ್ನು ಬಳಸಿ ಹೊರಗಿನಿಂದ ಹಿಂದಿರುಗಿ, ಕೃತಕವಾದ ಸೋರಿಕೆಯಾಗುತ್ತದೆ. ಕಾವಲು ತಟ್ಟನೆ ಬೀಳಬೇಕು. ಬೀಳದಿದ್ದರೆ ಅದು ಸತ್ತಿದೆ ಎಂದರ್ಥ. ವರ್ಷಗಟ್ಟಲೆ ಕದಲದೆ ಇದ್ದ ಕೊಂಡಿಯು ಧೂಳಿನಿಂದಲೋ ತೇವದಿಂದಲೋ ಅಂಟಿಕೊಳ್ಳುವುದುಂಟು. ತಿಂಗಳಿಗೊಮ್ಮೆ, ನೆನಪಿಗಾಗಿ ವಿದ್ಯುತ್ತಿನ ಬಿಲ್ಲು ಬಂದ ದಿನವೇ, ಈ ಗುಂಡಿಯನ್ನು ಒತ್ತುವ ಅಭ್ಯಾಸವಿಟ್ಟುಕೊಂಡರೆ ಒಳ್ಳೆಯದು. ಆದರೆ ಈ ಪರೀಕ್ಷೆ ಕಾವಲಿನದು ಮಾತ್ರ. ಭೂತಂತಿ ಸರಿಯಾಗಿದೆಯೆ ಎಂಬುದನ್ನು ಅದು ತಿಳಿಸದು. ಅದನ್ನು ಬೇರೆಯಾಗಿ ನೋಡಿಸಬೇಕು.

ಇನ್ನೊಂದು ಮಾತು. ಭಾರತದಲ್ಲಿ 2010ರಲ್ಲಿ ಹೊರಟ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳು ಈ ರಕ್ಷಣೆಯನ್ನು ವಿಧಿಸಿದರೂ, 5 ಕಿಲೋವಾಟಿಗಿಂತ ಕಡಮೆಯ ಸಣ್ಣ ಸಂಬಂಧಗಳನ್ನು ಬಿಟ್ಟುಕೊಟ್ಟಿದ್ದುವು. ನಿಯಮಗಳು ಅನಂತರ ಬದಲಾಗಿವೆ. ಆದರೆ ಆಗ ಕಟ್ಟಿದ ಮನೆಗಳೂ ಅದಕ್ಕಿಂತ ಹಳೆಯವೂ ಬೇಕಾದಷ್ಟು ಇವೆ. ಒದ್ದೆಗೋಡೆ, ಹಳೆಯ ತಂತಿ, ಹೆಸರಿಗಷ್ಟೇ ಇರುವ ಭೂತಂತಿ, ಇವು ಕಾಣುವುದು ಹೆಚ್ಚಾಗಿ ಅಂಥ ಸಣ್ಣ ಮನೆಗಳಲ್ಲಿಯೇ. ಬಾಡಿಗೆಗೆ ಮನೆ ಕೊಟ್ಟಿರುವ ಮಹನೀಯರು ತಮ್ಮ ಮನೆಯ ಪೆಟ್ಟಿಗೆಯನ್ನು ನೋಡುವಂತೆಯೇ ಬಾಡಿಗೆಯವರ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ನೋಡಬೇಕೆಂದು ನಮ್ಮ ಪ್ರಾರ್ಥನೆ. ನಿಯಮವು ಕೇಳುವ ತನಕ ಕಾಯಬೇಕಾದ ವಿಷಯ ಇದಲ್ಲ.

ನಮ್ಮ ಮನೆಯಲ್ಲಿ ಈಗ ಹೊಸ ಕಾವಲನ್ನು ಹಾಕಿಸಿದೆ. ಗೀಸರೂ ಭೂತಂತಿಯೂ ಹೊಸವು. ತಾಯಿಯವರು ಮಾತ್ರ ಹಳೆಯ ಮಣೆಯನ್ನು ಬಿಟ್ಟಿಲ್ಲ. ಬಿಡಿರೆಂದು ನಾವೂ ಹೇಳಿಲ್ಲ. ಈ ಮಾತನ್ನು ತಮಗೆ ಮುಟ್ಟಿಸುತ್ತಿರುವ ರೇಡಿಯೋ ಯಂತ್ರವೂ ವಿದ್ಯುತ್ತಿನಿಂದಲೇ ನಡೆಯತಕ್ಕದ್ದು. ಭಾಷಣ ಮುಗಿದ ಮೇಲೆ ತಾವು ಎದ್ದು, ಮನೆಯ ವಿದ್ಯುತ್ತಿನ ಪೆಟ್ಟಿಗೆಯ ಬಳಿಗೆ ಹೋಗಿ, ಆ ಸಣ್ಣ ಗುಂಡಿ ಇದೆಯೇ ಎಂದು ನೋಡಿರಿ. ಇದ್ದರೆ ಒಮ್ಮೆ ಒತ್ತಿರಿ. ಕ್ಷಣಕಾಲ ಮನೆ ಕತ್ತಲಾದರೆ ಸಂತೋಷಪಡಿರಿ. ತಮ್ಮ ಮನೆಯ ಕಾವಲುಗಾರನು ಎಚ್ಚರವಾಗಿದ್ದಾನೆ. ಕತ್ತಲಾಗದಿದ್ದರೆ, ಅಥವಾ ಗುಂಡಿಯೇ ಇಲ್ಲದಿದ್ದರೆ, ನಾಳೆ ಬೆಳಗ್ಗೆ ಮಾಡಬೇಕಾದ ಮೊದಲ ಕೆಲಸ ಯಾವುದೆಂಬುದನ್ನು ನಾವು ಬೇರೆ ಹೇಳಬೇಕಾಗಿಲ್ಲ.